ಮೇಣದಕ್ಕ ಉಳಿಸಿಟ್ಟ ಚೂರು

ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದೀಪ ಹತ್ತುತ್ತದೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕುಗಳು ಮೇಜಿನ ಮೇಲೆ ಸಾಲಾಗಿವೆ. ಒಂದನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ, ಆಸ್ಪತ್ರೆಯವರೆಲ್ಲ ಮೇಣದಕ್ಕ ಎಂದು ಕರೆಯುವ ಲ್ಯಾಬ್ ಕೆಲಸಗಾರ್ತಿ ಉಸಿರು ಬಿಗಿಹಿಡಿದು ಹಿಡಿಕೆ ತಿರುಗಿಸುತ್ತಾರೆ. ಕೂದಲೆಳೆಗಿಂತ ತೆಳ್ಳನೆಯ ಪದರಗಳು ಒಂದಕ್ಕೊಂದು ಅಂಟಿಕೊಂಡು ಇಳಿಯುತ್ತವೆ.

"ಮಾತಾಡಿಸ್ಬೇಡಿ, ಸೀನಿದ್ರೂ ಹಾರಿಹೋಗುತ್ತೆ!" ಬಾಗಿಲಲ್ಲಿ ನಿಂತವರಿಗೆ ಗದರಿಕೆ.

ಇಪ್ಪತ್ತು ವರ್ಷದಿಂದ ಇದೇ ಕುರ್ಚಿ. ದಿನಕ್ಕೆ ನೂರರ ಹತ್ತಿರ ಬ್ಲಾಕು. ಕುತ್ತಿಗೆ ಹಿಡಿದುಕೊಂಡಿದೆ, ಬೆರಳ ತುಂಬ ಬ್ಲೇಡಿನ ಗುರುತು. ಈ ಪದರಗಳನ್ನು ನೋಡಿ ಡಾಕ್ಟರು ಬರೆಯುವ ವರದಿಯಲ್ಲಿ ಇವರ ಹೆಸರು ಬರುವುದಿಲ್ಲ. ಕೇಳಿದರೆ ನಗುತ್ತಾರೆ: "ಬಡಿಸಿದೋರನ್ನ ಹೊಗಳ್ತಾರೆ, ಪಾತ್ರೆ ತೊಳೆದೋರನ್ನ ಯಾರು ಕೇಳ್ತಾರೆ?"

ಗಡ್ಡೆ ತೆಗೆದ ಮೇಲೂ ಕ್ಯಾನ್ಸರ್ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಉಳಿದಿರಬಹುದು. ಗಡ್ಡೆಯ ಜೀನುಗಳಲ್ಲಾದ ಕೆಲವು ಬದಲಾವಣೆಗಳು ಅದು ಮರಳುವ ಸಂಭವ ಎಷ್ಟೆಂಬ ಸುಳಿವು ಕೊಡುತ್ತವೆ. ಆ ಪರೀಕ್ಷೆಗೆ ಸಾಕಷ್ಟು ಪದರ ಬೇಕು. ಕೊಯ್ಯುವಾಗ ಹಾಳಾದರೆ ಉತ್ತರವೇ ಇಲ್ಲ. "ಕೊಯ್ದಿದ್ದು ಮತ್ತೆ ಬೆಳೆಯಲ್ಲ ನೋಡಿ" ಎನ್ನುತ್ತಾರೆ.

ಕಳೆದ ವರ್ಷ ಇದೇ ಮೇಜಿಗೆ ಅವರ ತಂಗಿಯ ಬ್ಲಾಕು ಬಂತು. ಕರುಳಿನ ಗಡ್ಡೆ, ಉಗುರಿನಷ್ಟು ಚೂರು. ಬೇರೆಯವರು ಕೊಯ್ಯಲಿ ಎಂದರು ಡಾಕ್ಟರು. ಅಕ್ಕನಿಗೆ ಇನ್ನೊಬ್ಬರ ಕೈ ಮೇಲೆ ನಂಬಿಕೆ ಬರಲಿಲ್ಲ. ತಾವೇ ಕೊಯ್ದರು, ಒಂದು ಪದರವೂ ಹರಿಯಲಿಲ್ಲ. ಪರೀಕ್ಷೆ ಸ್ಪಷ್ಟವಾಗಿ ಬಂತು: ಕೆಟ್ಟ ಬದಲಾವಣೆ ಇದೆ, ಮರಳುವ ಸಂಭವ ಹೆಚ್ಚು.

ಮನೆಯಲ್ಲಿ ಹೇಳಿದ್ದೂ ಅವರೇ. ತಂಗಿ ಮೊದಲು ನಕ್ಕಳಂತೆ. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗಾಯ್ತಲ್ಲೇ ಅಕ್ಕಾ! ನಿನ್ನ ಕೈ ಒಂದ್ಸಲ ತಪ್ಪಬಾರ್ದಿತ್ತಾ?" ಆಮೇಲೆ ಅಕ್ಕನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. "ಆ ಮಾತು ಇನ್ನೂ ಚುಚ್ಚುತ್ತೆ" ಎನ್ನುವಾಗ ಮೇಣದಕ್ಕನ ಕೈ ಹಿಡಿಕೆಯ ಮೇಲೇ ನಿಲ್ಲುತ್ತದೆ.

ಸುಳಿವು ಸಿಕ್ಕಿದ್ದರಿಂದ ಚಿಕಿತ್ಸೆ ಬೇಗ ಶುರುವಾಯಿತು. ಆದರೂ ಈ ವರ್ಷ ಕಾಯಿಲೆ ಪಿತ್ತಜನಕಾಂಗದಲ್ಲಿ ಕಾಣಿಸಿಕೊಂಡಿದೆ. ಕೊಡುತ್ತಿರುವ ಔಷಧಿ ನಾಟುತ್ತಿಲ್ಲ. ತಂಗಿ ದಿನದಿನಕ್ಕೂ ಸೊರಗುತ್ತಿದ್ದಾಳೆ. ಸಂಜೆ ಹೋಗಿ ತಲೆ ಬಾಚಲು ಕೂತರೆ ಬಾಚಣಿಗೆಗೆ ಸಿಗುವಷ್ಟು ಕೂದಲಿಲ್ಲ. ಬರಿದೇ ನೆತ್ತಿ ಸವರಿ ಬರುತ್ತಾರೆ.

ಮೇಣದಕ್ಕ ಎದ್ದು ಗೋಡೆಯ ಕಪಾಟಿನ ಖಾನೆ ಎಳೆಯುತ್ತಾರೆ. ತಂಗಿಯ ಬ್ಲಾಕು ಅಲ್ಲಿದೆ, ಮೇಣದ ನಡುವೆ ಚಿಕ್ಕ ಕಂದು ಚುಕ್ಕೆ.

"ಅವತ್ತು ಎಷ್ಟು ಬೇಕೋ ಅಷ್ಟೇ ಕೊಯ್ದೆ. ನಾಳೆ ಯಾವುದಾದ್ರೂ ಹೊಸ ಔಷಧಿ ಬಂದ್ರೆ, ಇವಳಿಗೆ ಹೊಂದುತ್ತಾ ಅಂತ ನೋಡೋಕೆ ಚೂರಾದ್ರೂ ಬೇಕಲ್ವಾ? ಉಳಿಸಿದೀನಿ."