ಎರಡನೆಯ ಗಿಡ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಟೈಲರಮ್ಮ ಬಾಲ್ಕನಿಯಲ್ಲಿ ಮಂಡಿಯೂರಿ, ಸೊಳ್ಳೆಪರದೆಯಿಂದ ತಾನೇ ಹೊಲಿದ ಚೀಲದೊಳಗೆ ಕೈ ತೂರಿಸಿ, ಬಾಕ್ ಚಾಯ್ ಎಂಬ ಚೀನೀ ಸೊಪ್ಪಿನ ಹಳದಿ ಹೂಗಳನ್ನು ಎಣಿಸುತ್ತಿದ್ದಳು. ಹದಿನಾಲ್ಕು. ಆಮೇಲಷ್ಟೇ ಪಕ್ಕದ ಕುಂಡದ ಕಡೆ ಕಣ್ಣು ಹೊರಳಿತು. ಅಲ್ಲಿ ಗಿಡದ ಬದಲು ಎರಡು ಬೆರಳೆತ್ತರದ ಮೋಟು ನಿಂತಿತ್ತು. ಕೊಯ್ದ ಜಾಗ ಇನ್ನೂ ಒದ್ದೆ.

"ರೀ!"

ಗಂಡ ಅಡುಗೆಮನೆಯಿಂದ ಚಾಕು ಹಿಡಿದೇ ಬಂದ. "ಯಾಕೆ? ಹೂ ಬಿಟ್ಟಿರೋದನ್ನ ಮುಟ್ಟಬೇಡಿ ಅಂತ ನೀನೇ ಅಂದಿದ್ದೆ, ನಾನು ಮುಟ್ಟಿಲ್ಲ. ಸುಮ್ನೆ ಕೂತಿದ್ದನ್ನ ಕೊಯ್ದೆ. ಇವತ್ತು ಅಡುಗೆ ನಂದು."

ಅವಳು ಎಚ್ಚರಿಕೆ ಕೊಟ್ಟಿದ್ದು ಒಂದು ಗಿಡದ ಬಗ್ಗೆ ಮಾತ್ರ, ಅದು ನಿಜ. ಅಮ್ಮ ವರ್ಷ ವರ್ಷ ಹಿಡಿದಿಟ್ಟ ತಳಿಯ ಕೊನೆಯ ಮೂವತ್ತೊಂದು ಬೀಜ ಗುಂಡಿ ಡಬ್ಬಿಯಲ್ಲಿ ಏಳು ವರ್ಷ ಬಿದ್ದಿದ್ದವು. ಅಮ್ಮನೂ ಹೋಗಿ ಅಷ್ಟೇ ವರ್ಷ. ಈ ಸಲ ಎಲ್ಲವನ್ನೂ ಬಿತ್ತಿದರೆ ಮೊಳೆತದ್ದು ಎರಡೇ.

"ಒಂದು ಉಳಿದಿದೆಯಲ್ಲ, ಸಾಲಲ್ವಾ?"

"ಸಾಲಲ್ಲ ರೀ. ತನ್ನ ಪರಾಗ ತನಗೇ ಹಿಡಿಯಲ್ಲ. ಬೀಜ ಕಟ್ಟೋಕೆ ಎರಡೂ ಒಟ್ಟಿಗೆ ಹೂ ಬಿಡಬೇಕು."

ಅವನು ಚಾಕುವನ್ನೊಮ್ಮೆ ನೋಡಿದ. "ಅಂದ್ರೆ ಇದು ಅತ್ತೆಯ ಬೀಜದ್ದಾ?"

"ಹೂಂ."

ಆ ಸೊಪ್ಪು ಸಂಜೆವರೆಗೂ ಬುಟ್ಟಿಯಲ್ಲೇ ಬಾಡಿತು. ಮೇಲಿನ ಮಹಡಿಯ ನಾದಿನಿ ಸುದ್ದಿ ಕೇಳಿ ಕಟಾಂಜನದ ಮೇಲಿಂದ ಬಗ್ಗಿದಳು. "ಪರದೆ ತೆಗೆದುಬಿಡಿ ಅತ್ತಿಗೆ. ಇಲ್ಲಿ ನನ್ನ ಸಾಸಿವೆ ಹೂ ಬಿಟ್ಟಿದೆ, ಜೇನ್ನೊಣ ಉಳಿದಿದ್ದು ನೋಡ್ಕೊಳ್ಳುತ್ತೆ. ಹೆಸರಲ್ಲೇ ಚಾಯ್ ಇದೆ, ಒಂದು ಲೋಟ ಕಾಯಿಸೋಕೂ ಬರಲ್ಲ, ಅದಕ್ಕೆ ಇಷ್ಟು ಉಪಚಾರ!"

"ಹಾಗೆ ಹುಟ್ಟಿದ್ದು ಬೆರಕೆ ಆಗುತ್ತಮ್ಮ. ನಮ್ಮಮ್ಮಂದು ಆಗಲ್ಲ."

ಪರದೆ ಹಾಗೇ ಉಳಿಯಿತು. ಹೂಬಿಟ್ಟ ಗಿಡದ ತುದಿಯನ್ನು ಅವಳು ಚಿವುಟಿದಳು. ಪಕ್ಕದ ಕವಲುಗಳು ತಡವಾಗಿ ಅರಳಿದರೆ ಒಂದಿಷ್ಟು ದಿನ ಸಿಗುತ್ತದೆ. ಆರನೆಯ ದಿನ ಮೋಟಿನ ನಡುವೆ ಹಸಿರು ಚುಕ್ಕೆ ಕಂಡಿತು. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಅವಳು ಟೇಪು ಹಿಡಿದು ಎದೆ, ಸೊಂಟ, ತೋಳು ಎಂದು ಕೂಗುವುದು, ಅವನು ಬರೆದುಕೊಳ್ಳುವುದು. ಈಗ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಹೂವಿನ ಲೆಕ್ಕ ಇಳಿಯತೊಡಗಿತು: ಹನ್ನೆರಡು, ಹನ್ನೆರಡು, ಒಂಬತ್ತು, ಐದು. ಮೋಟಿನ ಕಡೆ ಪ್ರತಿದಿನವೂ ಸೊನ್ನೆ. ಸೊನ್ನೆ ಬರೆಯುವಾಗ ಅವನು ತಲೆಯೆತ್ತುತ್ತಿರಲಿಲ್ಲ.

ಇಪ್ಪತ್ತೊಂದನೆಯ ಬೆಳಿಗ್ಗೆ ಹಳೆಯ ಗಿಡದಲ್ಲಿ ಉಳಿದದ್ದು ಮೂರು ಹೂ, ನಾಲ್ಕು ಮೊಗ್ಗು. ಮೋಟಿನಿಂದೆದ್ದ ಬೆಂಕಿಕಡ್ಡಿಯಷ್ಟು ಸಣ್ಣ ಕಡ್ಡಿಯಲ್ಲಿ ಎರಡು ಅರಳಿದ್ದವು.

"ಪರದೆ ಹಿಡೀರಿ. ಅಲ್ಲಾಡಬೇಡಿ."

ಹೊಲಿಗೆ ಮೆಷಿನ್ನಿನ ಧೂಳು ತೆಗೆಯಲು ತಂದಿದ್ದ, ಇನ್ನೂ ಎಣ್ಣೆ ಸೋಕದ ಬ್ರಷ್ಷಿನಿಂದ ಅವಳು ಇದರ ಪರಾಗ ಅದಕ್ಕೆ, ಅದರದ್ದು ಇದಕ್ಕೆ ಮುಟ್ಟಿಸಿದಳು. ಮೂರು ದಿನ ಹಾಗೆಯೇ ಮಾಡಿದಳು. ನಾಲ್ಕನೆಯ ದಿನ ಹಳೆಯ ಗಿಡದಲ್ಲಿ ಹೂವೇ ಇರಲಿಲ್ಲ.

ಐದು ವಾರ ಕಳೆದು ಏಳು ಕಾಯಿ ಒಣಗಿದವು. ಬಿಳಿ ತಟ್ಟೆಯಲ್ಲಿ ಒಡೆದರೆ ನಲವತ್ತಮೂರು ಕಾಳು. ಕೆಲವು ಮುದುಡಿದ್ದವು. ಜೀವ ಇದೆಯೋ, ಬರೀ ಹೊಟ್ಟೋ ನೋಡಿದರೆ ತಿಳಿಯುವುದಿಲ್ಲ. ಮೊಳೆಯುತ್ತವೆಯೋ ನೋಡಲು ಹತ್ತನ್ನು ಆರಿಸದೆ ತೆಗೆದು ಒದ್ದೆ ಬಟ್ಟೆಯಲ್ಲಿ ಮಡಚಿಟ್ಟಳು.

ಮೂರನೆಯ ಬೆಳಿಗ್ಗೆ ಬಟ್ಟೆ ಬಿಚ್ಚುವ ಹೊತ್ತಿಗೆ ಅವನು ಪೆನ್ಸಿಲ್ ಹಿಡಿದು ನಿಂತಿದ್ದ. ಅವಳು ಕನ್ನಡಕ ಏರಿಸಿ ಬಗ್ಗಿದಳು. ಒಮ್ಮೆ ಎಣಿಸಿದಳು. ಮತ್ತೆ ಎಣಿಸಿದಳು.

"ಹೇಳೇ, ಎಷ್ಟು ಬರೀಲಿ?"

ಗಿರಾಕಿಯ ಅಳತೆ ಕೂಗುವ ದನಿಯಲ್ಲೇ ಅವಳು ಹೇಳಿದಳು: "ಒಂಬತ್ತು."