ಅಕ್ಕನ ಮಾತ್ರೆ

ಬ್ಯಾಕ್ಟೀರಿಯಾದಿಂದ ತೆಗೆದ ಅಂಶ ಬೆರೆಸಿದರೆ ಆರೋಗ್ಯವಂತರ ಬಿಳಿ ರಕ್ತಕಣಗಳು ಕೆರಳಬೇಕು. ನಮ್ಮ ಹೊಸ ಔಷಧ ಆ ಕೆರಳಿಕೆಯನ್ನು ತಗ್ಗಿಸುತ್ತದೆಯೇ ಎಂದು ಮಣಿಪಾಲದ ಲ್ಯಾಬಿನಲ್ಲಿ ನೋಡುತ್ತಿದ್ದೆ. ಕಟಪಾಡಿಯ ಅಂಗಡಿಯವರೊಬ್ಬರು ಕೊಟ್ಟ ರಕ್ತ ಮಾತ್ರ ಆ ಅಂಶ ಬೆರೆಸಿದರೂ, ಔಷಧ ಹಾಕುವ ಮೊದಲೇ ತಣ್ಣಗೆ ಕುಳಿತಿತ್ತು. ಇಡೀ ವಾರದ ಕೆಲಸ ಹಾಳು. ಅವರಿಗೆ ಫೋನ್ ಮಾಡಿದೆ.

“ಯಾವ ಔಷಧವೂ ತೆಗೆದುಕೊಳ್ಳುವುದಿಲ್ಲ ಅಂದಿದ್ದಿರಲ್ಲ?”

“ಇಲ್ಲವಲ್ಲ. ತುರಿಕೆಗೆ ದಿನಾ ಒಂದು ಮಾತ್ರೆ, ಅಷ್ಟೇ.”

“ಅದು ಔಷಧ ಅಲ್ವಾ?”

“ಅದು ನನ್ನದಲ್ಲ ಮಾರಾಯ್ರೆ, ಅಕ್ಕನದ್ದು. ಅವಳ ದಮ್ಮಿಗೆ ಡಾಕ್ಟರು ಕೊಟ್ಟದ್ದು ಉಳಿದಿತ್ತು.”

ಸ್ಟೀರಾಯ್ಡ್. ರಕ್ತಕಣಗಳನ್ನು ಮಲಗಿಸುವುದೇ ಅದರ ಕೆಲಸ. ನನ್ನ ಇಡೀ ವಾರದ ಕೆಲಸ ಹಾಳಾಯಿತು ಅಂದೆ. ಅವರಿಗೆ ಕನಿಕರ ಬಂತೋ ಏನೋ.

“ಬೇಜಾರು ಮಾಡಬೇಡಿ. ಇನ್ನೂ ಸ್ವಲ್ಪ ಉಂಟು, ನಿಮ್ಮ ಸಂಶೋಧನೆಗೆ ಕಳಿಸಲಾ?”

ಅಂತೂ ಆ ದಿನ ಲ್ಯಾಬಿನಲ್ಲಿ ಕೆರಳಿದ್ದು ನಾನೊಬ್ಬಳೇ.