ಖೇಶಾ ಬರೆದ ಮುಖ

ಖೇಶಾ ಎಂದರೆ ಗೋಣಿತಾಟು. ಹೆತ್ತ ಮಗನಿಗೆ ಯಾರಾದರೂ ಅಂಥ ಹೆಸರಿಡುತ್ತಾರೆಯೇ ಎಂದು ಕೇಳಬೇಡಿ. ಮೊದಲ ಕೂಸುಗಳೆರಡೂ ತೊಟ್ಟಿಲಲ್ಲೇ ಹೋದಮೇಲೆ, ಇದರ ಮೇಲಾದರೂ ಯಾರ ಕಣ್ಣೂ ಬೀಳದಿರಲಿ ಎಂದು ಅವನ ತಾಯಿ ಹಾಗೆ ಕರೆದಳು. ಕಣ್ಣು ಬೀಳಲಿಲ್ಲ, ಹುಡುಗ ಬದುಕಿದ. ಆದರೆ ಚಿತ್ರ ಬರೆಯುವವನ ಮೇಲೆ ನಾಲ್ಕು ಜನರ ಕಣ್ಣು ಬೀಳದಿದ್ದರೆ ಹೊಟ್ಟೆ ತುಂಬುವುದು ಹೇಗೆ? ಇದನ್ನು ನಾನು ಅವಳಿಗೆ ಹೇಳಿಯೂ ಹೇಳಿದೆ. ಅವಳಿಗೆ ನಗು ಬರಲಿಲ್ಲ.

ನಾನು ಉಮ್ಮ್ ಹಿಲ್ಮಿ, ಅಂದರೆ ಹಿಲ್ಮಿಯ ತಾಯಿ. ತರ್ಫಾದ ದೋಣಿಗಟ್ಟೆಗೆ ಇಳಿಯುವ ದಾರಿಯಲ್ಲಿ ಫೂಲ್ ಕಾಳು ಬೇಯಿಸಿ ಮಾರುತ್ತೇನೆ. ನೈಲ್ ದಾಟಿ ಕೆಲಸಕ್ಕೆ ಹೋಗುವವರೆಲ್ಲ ಬೆಳಗ್ಗೆ ತಿನ್ನುವುದು ನನ್ನ ಅಂಗಡಿಯಲ್ಲೇ. ಖೇಶಾನೂ ತಿನ್ನುತ್ತಿದ್ದ, ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಕೈ ಒರೆಸಿಕೊಂಡು, ನಾನು ಪೊಟ್ಟಣ ಕಟ್ಟಲು ಇಟ್ಟಿದ್ದ ಕಾಗದದ ಮೇಲೆ ಎದುರಿಗೆ ಕಂಡವರ ಮುಖ ಗೀಚುತ್ತಾ ಕೂರುತ್ತಿದ್ದ. ಆ ಕಾಗದದಲ್ಲೇ ನಾನು ಗಿರಾಕಿಗಳಿಗೆ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದೆ. ಊರವರು ತಮ್ಮ ಮೂಗನ್ನು ತಾವೇ ಮನೆಗೆ ಒಯ್ದು ಒಲೆಗೆ ಹಾಕಿದ್ದಾರೆ. ಒಬ್ಬರಾದರೂ ಗುರುತು ಹಿಡಿಯಲಿಲ್ಲ.

ಲಕ್ಸರ್‌ನ ಚಿತ್ರಕಲಾ ಕಾಲೇಜಿಗೆ ಅವನು ಹೋಗಿದ್ದು ನಿಜ. ಬಣ್ಣದ ಟ್ಯೂಬು, ಕ್ಯಾನ್ವಾಸು ಅಂತ ಖರ್ಚು ಏರುತ್ತಾ ಹೋಗಿ, ತಾಯಿ ಸಾಕಿದ ಬಾತುಗಳೆಲ್ಲ ಮಾರಿಹೋದ ಮೇಲೆ ಅರ್ಧಕ್ಕೆ ಬಿಟ್ಟು ಬಂದ. ಅಲ್ಲಿನ ಮೇಷ್ಟ್ರುಗಳು ನಿನ್ನೊಳಗಿರುವುದನ್ನು ಬರೆ ಎನ್ನುತ್ತಿದ್ದರಂತೆ. ಇಲ್ಲಿನ ಜನ ವಿಮಾನ ಬರೆ ಎನ್ನುತ್ತಿದ್ದರು. ನಮ್ಮಲ್ಲಿ ಯಾರಾದರೂ ಹಜ್‌ಗೆ ಹೋದರೆ, ಅವರು ಮರಳುವಷ್ಟರಲ್ಲಿ ಮನೆಯ ಮುಂಗೋಡೆಗೆ ಸುಣ್ಣ ಬಳಿದು ಚಿತ್ರ ಬರೆಸಿರಬೇಕು. ಕಾಬಾ, ವಿಮಾನ, ಈಗ ಯಾರೂ ಹತ್ತದ ಹಡಗು, ಪಕ್ಕದಲ್ಲಿ ಬಿಳಿ ಬಟ್ಟೆಯ ಯಾತ್ರಿಕ. ಗಂಡಸಾದರೆ ಗಡ್ಡ, ಹೆಂಗಸಾದರೆ ಗಡ್ಡವಿಲ್ಲ. ಮುಖ ಮಾತ್ರ ಎಲ್ಲರದೂ ಒಂದೇ.

"ಚಿಕ್ಕವ್ವ, ನಾನು ಕಲಾವಿದನಾ, ಸುಣ್ಣ ಹೊಡಿಯೋನಾ?" ಎಂದು ಖೇಶಾ ಒಂದು ದಿನ ಕೇಳಿದ.

"ತಿಂದ ತಟ್ಟೆಗೆ ದುಡ್ಡು ಕೊಡೋನು ಯಾರಾದ್ರೂ ಸರಿ ಕಣೋ ನಂಗೆ," ಎಂದೆ.

ನಗಾಡಿದೆನೇ ಹೊರತು ಹುಡುಗನ ಗೋಳು ನನಗೂ ಗೊತ್ತಿತ್ತು. ಅವನ ದೊಡ್ಡಪ್ಪನ ಮಗ ಆತಿಫ್ ಕೆಂಪು ಸಮುದ್ರದ ದಂಡೆಯ ಘರ್ದಕಾದಲ್ಲಿ, ಹೋಟೆಲೊಂದರಲ್ಲಿದ್ದ. ಕೋಣೆಗಳಿಗೆ ಬಣ್ಣ ಬಳಿಯುವ ಕೆಲಸವಿದೆ, ಊಟ ವಸತಿ ಕೊಡುತ್ತಾರೆ, ಬೇಗ ಬಾ ಎಂದು ಕರೆಯುತ್ತಲೇ ಇದ್ದ. ತಾಯಿಯೂ ಹೋಗು ಎನ್ನುತ್ತಿದ್ದಳು. ಇವನಿಗೆ ಮಾತ್ರ ನನ್ನ ಅಂಗಡಿಯ ಎದುರು ಬಾಗಿಲು ಮುಚ್ಚಿದ್ದ ಒಂದು ಮಳಿಗೆಯ ಮೇಲೆ ಮನಸ್ಸು. ಅದನ್ನು ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ ಹೆಸರು ಬರೆದು, ಚಿತ್ರಗಾರ ಅನ್ನಿಸಿಕೊಂಡು ಕೂರಬೇಕು. ಅದಕ್ಕೆ ಮುಂಗಡ ಬೇಕು.

ಅಷ್ಟರಲ್ಲಿ ನಫೂಸಾ ಅಜ್ಜಿ ಹಜ್‌ಗೆ ಹೊರಟಳು. ಅವಳ ಮಗ ಬಸ್ತಾವಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿವೆ, ಕೈಯೂ ಸ್ವಲ್ಪ ಬಿಗಿ. ಆದರೂ ತಾಯಿಯ ವಿಷಯವಲ್ಲವೇ, ಊರೇ ನೋಡುವಂಥ ಗೋಡೆ ಆಗಬೇಕು ಎಂದು ಖೇಶಾನಿಗೆ ಅರ್ಧ ಹಣ ಮೊದಲೇ ಕೊಟ್ಟ. ಆ ಅರ್ಧ ಬಣ್ಣಕ್ಕೂ ಖೇಶಾನ ತಾಯಿಯ ಔಷಧಿಗೂ ಹೋಯಿತು. ಉಳಿದರ್ಧ ಕೈಗೆ ಬಂದರೆ ಎದುರಿನ ಮಳಿಗೆ, ಬಾರದಿದ್ದರೆ ಘರ್ದಕಾ. ಹಾಗೆಂದು ಅವನೇ ನನಗೆ ಹೇಳಿದ.

ಗೋಡೆಯ ಮುಂದೆ ಅವನು ಬಟ್ಟೆಯ ಪರದೆ ಕಟ್ಟಿಕೊಂಡಾಗಲೇ ನನಗೆ ಅನುಮಾನ ಬಂದಿತ್ತು. ವಿಮಾನ ಬರೆಯಲು ಪರದೆ ಯಾಕೆ? ಅಜ್ಜಿ ಬರುವ ದಿನ ಬೆಳಗ್ಗೆ ಪರದೆ ಬಿಚ್ಚಿದ. ಕಾಬಾ ಇತ್ತು, ವಿಮಾನ ಇತ್ತು, ಅದಕ್ಕೆ ಚಕ್ರವೂ ಇತ್ತು. ನಡುವೆ, ಬಾಗಿಲಿಗಿಂತ ಎತ್ತರಕ್ಕೆ, ಎರಡೂ ಕೈ ಮೇಲೆತ್ತಿ ದೇವರನ್ನು ಕೂಗಿ ಕರೆಯುತ್ತಾ ನಫೂಸಾ ನಿಂತಿದ್ದಳು. ಕೆನ್ನೆಯ ಸುಕ್ಕು, ಗದ್ದದ ಹಸಿರು ಹಚ್ಚೆ, ತೆರೆದ ಬಾಯಿ, ಅದರಲ್ಲಿ ಇಲ್ಲದ ಹಲ್ಲು. ದಿನಾ ನನ್ನ ಅಂಗಡಿಯ ಮುಂದೆ ಕೂತು ಕಾಳು ಆರಿಸಿಕೊಡುತ್ತಿದ್ದ ಮುದುಕಿ ಅವಳೇ, ಅದರಲ್ಲಿ ಸಂದೇಹವೇ ಇಲ್ಲ.

ಬಸ್ತಾವಿ ನೋಡಿದವನೇ ಕೆಂಡವಾದ.

"ಏನೋ ಇದು ಗೋಣಿತಾಟು? ನನ್ನ ತಾಯಿ ಬೊಚ್ಚುಬಾಯೀನ ಬೀದೀಲಿ ಹೋಗೋ ನಾಯಿಗೂ ತೋರಿಸ್ತೀಯಾ?"

"ನಿಮ್ಮ ತಾಯೀನೇ ಅಲ್ವಾ ಅಣ್ಣ? ಊರಲ್ಲಿ ಎಲ್ಲಾ ಗೋಡೆ ಮೇಲೂ ಒಂದೇ ಮುಖ..."

"ಒಂದೇ ಮುಖ ಇದ್ರೆ ನಿಂಗೇನೋ ಕಷ್ಟ? ಎಲ್ಲರಿಗೂ ಇರೋದು ನಮಗೂ ಸಾಕಿತ್ತು. ಸುಣ್ಣ ತಗೊಂಬಾ, ಮುಖ ಅಳಿಸು!"

ಸುಣ್ಣದ ಬಕೀಟು ಬಂತು. ಖೇಶಾ ಕುಂಚ ಅದ್ದಿ ನಿಂತವನು ನಿಂತೇ ಇದ್ದ. ಅಷ್ಟರಲ್ಲಿ ಕಾಲುವೆಯ ತಿರುವಿನಲ್ಲಿ ಹಾರನ್ನು, ಡೋಲು, ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಹರ್ಷದ ಕೂಗು ಎಲ್ಲ ಒಟ್ಟಿಗೆ ಕೇಳಿಸಿತು. ಅಜ್ಜಿಯ ವ್ಯಾನು ಬಂದೇಬಿಟ್ಟಿತು.

ನಫೂಸಾ ಇಳಿದಳು. ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಗೋಡೆಯನ್ನೇ ನೋಡುತ್ತಾ ಬಂದು ಅದಕ್ಕೆ ಅಂಗೈ ಊರಿದಳು.

"ಅವ್ವಾ," ಎಂದಳು. "ಅಯ್ಯೋ ನಮ್ಮವ್ವಾ!"

ಡೋಲು ನಿಂತಿತು. ಅಜ್ಜಿ ನೆಲಕ್ಕೆ ಕುಸಿದು ಕೂತು, ಅಳುತ್ತಲೇ ಎಲ್ಲ ಹೇಳಿದಳು. ಅವಳ ತಾಯಿ ಹಜ್‌ಗೆಂದು ಬದುಕಿಡೀ ಕಾಸು ಕೂಡಿಟ್ಟು, ಕೊನೆಗೆ ಅದನ್ನೆಲ್ಲ ಗಂಡನ ಕಾಯಿಲೆಗೆ ಸುರಿದು, ಹೋಗದೆಯೇ ತೀರಿಕೊಂಡವಳು. ನಫೂಸಾ ತನ್ನ ಹಜ್ ಮುಗಿಸಿದ ಮೇಲೆ, ಯಾರಿಗೂ ಹೇಳದೆ, ತಾಯಿಯ ಹೆಸರಿನಲ್ಲಿ ಉಮ್ರಾ ಎಂಬ ಕಿರುಯಾತ್ರೆಯನ್ನೂ ಮಾಡಿದ್ದಳು. ಸತ್ತವರ ಹೆಸರಿನಲ್ಲಿ ಹಾಗೆ ಮಾಡಿದರೆ ಅವರಿಗೆ ಸಲ್ಲುತ್ತದೆ.

"ಸಂದಿತೋ ಇಲ್ವೋ ಅಂತ ದಾರಿಯುದ್ದಕ್ಕೂ ಎದೆ ಹೊಡ್ಕೊಳ್ತಿತ್ತು ಕಣ್ರವ್ವ," ಎಂದಳು. "ನನಗಿಂತ ಮುಂಚೆ ಬಂದು ನಿಂತಿದಾಳಲ್ಲ! ಈ ಹುಡುಗ ಅವಳನ್ನ ಕಂಡೂ ಇಲ್ಲ. ಯಾರು ಬರೆಸಿದ್ರು ಇವನ ಕೈಲಿ?"

ಊರು ಮೂಗಿನ ಮೇಲೆ ಬೆರಳಿಟ್ಟಿತು. ಖೇಶಾನ ಕೈಯಲ್ಲಿ ಸುಣ್ಣದ ಕುಂಚ ಹಾಗೇ ತೊಟ್ಟಿಕ್ಕುತ್ತಿತ್ತು. ಏನೂ ತಿಳಿಯದೆ ಅವನು ಒಮ್ಮೆ ಗೋಡೆಯನ್ನು, ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನನ್ನು ನೋಡಿದ.

ಅಂದಿನಿಂದ ಖೇಶಾನ ನಸೀಬು ಖುಲಾಯಿಸಿತು ಎಂದು ಎಲ್ಲರೂ ಅಂದರು. ಹೆಂಗಸರು ಅವನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಕ್ಕಿ ತುಂಬಿಸಿ ಬೇಯಿಸಿದ ಪಾರಿವಾಳ ಬಂತು, ರೊಟ್ಟಿ ಬಂತು, ಖರ್ಜೂರ ಬಂತು. ದುಡ್ಡು ಮಾತ್ರ ಬರಲಿಲ್ಲ. ಶುಕ್ರವಾರ ನಮಾಜು ಮುಗಿದ ಮೇಲೆ ಅವನು ಬಸ್ತಾವಿಯ ಮನೆಯ ಮುಂದೆ ಹೋಗಿ ನಿಂತ. ಅಜ್ಜಿಯನ್ನು ನೋಡಲು ಬಂದ ಜನ ಇನ್ನೂ ಕೂತಿದ್ದರು, ನಾನೂ ಇದ್ದೆ.

"ಅಣ್ಣ, ಉಳಿದಿದ್ದು..." ಎಂದ.

"ಉಳಿದಿದ್ದಾ?" ಬಸ್ತಾವಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ದೇವರು ಬರೆಸಿದ್ದಕ್ಕೆ ನಿಂಗೆ ಕೂಲಿನಾ? ಬರಕತ್ತಿಗೆ, ದೇವರ ಕೃಪೆಗೆ, ಯಾರಾದ್ರೂ ರೇಟು ಕಟ್ತಾರೇನೋ?"

"ದೇವರಲ್ಲಣ್ಣ, ನಾನೇ ಬರೆದಿದ್ದು. ಬೆನ್ನು ನೋವು ನಂದು."

"ಹಂಗಾದ್ರೆ ಯಾರನ್ನ ಬರೆದೆ ಹೇಳು." ಬಸ್ತಾವಿ ಜೇಬಿನಿಂದ ನೋಟು ತೆಗೆದೇಬಿಟ್ಟ. "ನನ್ನ ತಾಯೀನ ಅಂದ್ರೆ ತಗೋ, ನಿನ್ನ ದುಡ್ಡು ಇಲ್ಲೇ ಇದೆ. ಆದ್ರೆ ಸಾಯಂಕಾಲಕ್ಕೆ ಆ ಮುಖಕ್ಕೆ ಸುಣ್ಣ. ನನ್ನ ತಾಯಿಯ ಅವ್ವನ್ನ ಅಂದ್ರೆ ಅದು ಬರಕತ್ತು, ಗೋಡೆ ಇರೋವರೆಗೂ ಇರಲಿ. ದುಡ್ಡಿನ ಮಾತು ಎತ್ತಬೇಡ."

ಎಂಥ ತಕ್ಕಡಿ ಹಿಡಿದಿದ್ದ ಆ ಪುಣ್ಯಾತ್ಮ! ಹೇಳೋ, ಸತ್ಯ ಹೇಳಿ ನಿನ್ನದನ್ನು ಈಸಿಕೊಳ್ಳೋ ಎಂದು ನಾನು ಕಣ್ಣಲ್ಲೇ ಖೇಶಾನನ್ನು ತಿವಿದೆ. ಅಷ್ಟರಲ್ಲಿ ನಫೂಸಾ ಚಾಪೆಯ ಮೇಲಿಂದಲೇ ಕೇಳಿದಳು.

"ಯಾರನ್ನಪ್ಪಾ ಬರೆದಿದ್ದು? ನಿಜ ಹೇಳು ಮಗಾ."

ಅವನು ಬಹಳ ಹೊತ್ತು ಅವಳ ಮುಖ ನೋಡಿದ.

"ನಿಮ್ಮವ್ವನ್ನೇ ಅಜ್ಜಿ," ಎಂದ ಕೊನೆಗೆ.

ಬಸ್ತಾವಿ ನೋಟನ್ನು ಜೇಬಿಗೆ ಸೇರಿಸಿ, ಮುಂದೆ ಬಂದು, ಹುಡುಗನ ಕೈಗೆ ಮುತ್ತಿಟ್ಟ.

ಘರ್ದಕಾದ ವ್ಯಾನು ಹೊರಡುವುದು ನನ್ನ ಅಂಗಡಿಯ ಮುಂದಿನಿಂದಲೇ. ಚೀಲ ಕಾಲಡಿ ಇಟ್ಟುಕೊಂಡು ಕೂತಿದ್ದ ಖೇಶಾನಿಗೆ ತಟ್ಟೆ ಕೊಟ್ಟು, ತಡೆಯಲಾರದೆ ಬೈದೆ.

"ಸುಳ್ಳು ಹೇಳಿ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊಂಡೆಯಲ್ಲೋ ಹುಚ್ಚಪ್ಪ! ಅದು ನಫೂಸಾನೇ ಅಂತ ನಿಂಗೊತ್ತು, ನಂಗೊತ್ತು. ಮುದುಕಿಯಾದ ಮೇಲೆ ಅವಳಿಗೇ ಅವಳವ್ವನ ಮುಖ ಬಂದಿರ್ಬೇಕು, ಅಷ್ಟೇ."

"ಬರೆಯೋವಾಗ ಗೊತ್ತಿತ್ತು ಚಿಕ್ಕವ್ವ," ಎಂದ. "ಅವತ್ತು ಅಜ್ಜಿ ಅತ್ತಮೇಲೆ ಗೋಡೆ ನೋಡಿದೆ. ಯಾರನ್ನ ಬರೆದಿದೀನಿ ಅಂತ ನಂಗೇ ಗೊತ್ತಾಗ್ತಿಲ್ಲ. ನಾನು ಹೇಳಿದ್ದು ಸುಳ್ಳಾ?"

ವ್ಯಾನು ಬಂತು, ಹತ್ತಿ ಹೋದ. ಅವನು ಹೋದ ಮೇಲೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಗಿರಾಕಿಗಳಿಗೆ ಈರುಳ್ಳಿಯ ನೆಪ ಹೇಳಿದೆ.

ಅಲ್ಲಿ ಅವನು ಹೋಟೆಲಿನ ಕೋಣೆಗಳಿಗೆಲ್ಲ ಒಂದೇ ಬಣ್ಣ ಬಳಿಯುತ್ತಾ ಇದ್ದ. ಇಲ್ಲಿ ಸುತ್ತಲ ಊರಿನ ಹೆಂಗಸರು ಬಂದು ಬಂದು ಗೋಡೆ ಸವರಿದರು. ಹಜ್ ಆಸೆಯಲ್ಲೇ ಸತ್ತ ಅವ್ವ ಇಲ್ಲದ ಮನೆ ಯಾವುದಿದೆ? ಸವರಿ ಸವರಿ ಬಣ್ಣ ಹೋಗಿ, ಗದ್ದ, ತೆರೆದ ಬಾಯಿ ಎಲ್ಲ ಮಸುಕಾಗತೊಡಗಿತು. ಬಂದು ಮತ್ತೆ ತಿದ್ದಿಕೊಡು ಎಂದು ಬಸ್ತಾವಿ ಫೋನ್ ಮಾಡಿಸಿದ. ಖೇಶಾ ಒಂದೇ ಮಾತು ಕೇಳಿದನಂತೆ: ಎಷ್ಟು ಕೊಡ್ತೀರಿ?

ಊರಿಗೆ ಊರೇ ಕೆನ್ನೆ ಬಡಿದುಕೊಂಡಿತು. ಹುಡುಗ ಸಮುದ್ರದ ದಂಡೆಗೆ ಹೋಗಿ ಕೆಟ್ಟ, ಬರಕತ್ತನ್ನು ಮಾರಾಟಕ್ಕಿಟ್ಟ ಎಂದು ನನ್ನ ಅಂಗಡಿಯಲ್ಲೇ ಪಂಚಾಯ್ತಿ ನಡೆಯಿತು. ಬಸ್ತಾವಿ ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ. ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ನಫೂಸಾ ಮೊರ ಕೆಳಗಿಟ್ಟಳು.

"ಮೆಕ್ಕಾದಲ್ಲಿ ನಂಗೆ ಬಲಿಯ ಕುರಿ ಪುಕ್ಕಟೆ ಕೊಟ್ರೇನೋ? ಮಲಗೋಕೆ ಹಾಸಿಗೆ ಪುಕ್ಕಟೆ ಕೊಟ್ರಾ? ದೇವರ ಮನೆ ಬಾಗಿಲಲ್ಲೇ ಎಲ್ಲರೂ ಎಣಿಸಿ ಎಣಿಸಿ ಇಸ್ಕೊಂಡ್ರು. ಈ ಹುಡುಗ ಕೇಳಿದ್ರೆ ಮಾತ್ರ ಪಾಪ ಬರುತ್ತಾ?"

ಅವಳು ಕೈಯ ಬಳೆ ಕಳಚಿ ನನ್ನ ಮುಂದಿಟ್ಟಳು.

"ಫೋನ್ ಮಾಡೇ ಉಮ್ಮ್ ಹಿಲ್ಮಿ. ನಮ್ಮವ್ವನ ಮುಖಕ್ಕೆ ಎಷ್ಟು ಅಂತ ಅವನನ್ನೇ ಕೇಳು. ಅವನು ಹೇಳಿದಷ್ಟು."

ಅಲ್ಲೇ, ಎಲ್ಲರ ಎದುರಿಗೇ ಮಾಡಿದೆ. ಹೇಳಿದೆ.

"ಹೇಳೋ, ಎಷ್ಟು?" ಎಂದು ಗದರಿದೆ.

"ಎಷ್ಟು ಹೇಳ್ಬೇಕು ಚಿಕ್ಕವ್ವ?" ಎಂದ ಖೇಶಾ. "ಎಷ್ಟು ಅಂತ ಇವತ್ತಿನವರೆಗೆ ನನ್ನನ್ನ ಯಾರೂ ಕೇಳಿರ್ಲಿಲ್ಲವಲ್ಲ."